ಪಿಟ್ಸ್‌ಬರ್ಗಿನಲ್ಲಿ ಆ ರಾತ್ರಿ ನುಡಿಸಿದವರು

ಜಮೈಕಾದ ರೆಗೆ ಗಾಯಕ ಬಾಬ್ ಮಾರ್ಲಿಯವರ ಕಟ್ಟಕಡೆಯ ಕಛೇರಿಯ ಧ್ವನಿಮುದ್ರಣ ‘ಲಿವ್ ಫಾರೆವರ್’ ಎಂಬ ಹೆಸರಿನಲ್ಲಿ ಬಿಡುಗಡೆಯಾದದ್ದು 2011ರ ಫೆಬ್ರುವರಿಯಲ್ಲಿ. ಅವರು ತೀರಿಕೊಂಡು ಆಗಲೇ ಮೂವತ್ತು ವರ್ಷವಾಗುತ್ತ ಬಂದಿತ್ತು. ನಾನು ಅದನ್ನು ಕೇಳಲಿಲ್ಲ. ಬೇಕೆಂದೇ ಕೇಳಲಿಲ್ಲ. ಒಪ್ಪಿಗೆ ಕೇಳಲು ಮನುಷ್ಯನೇ ಇಲ್ಲದ ಹೊತ್ತಿನಲ್ಲಿ ಅವನ ಕೊನೆಯ ರಾತ್ರಿಯನ್ನು ಎರಡು ಸಿಡಿಗಳಲ್ಲಿ ತುಂಬಿ ಮಾರುವುದು ನನಗೆ ಹಿಡಿಸಿರಲಿಲ್ಲ. ಕಳೆದ ತಿಂಗಳು ಧಾರವಾಡದಲ್ಲಿ, ನನ್ನ ಸೋದರಮಾವನ ಮನೆಯಲ್ಲಿ, ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಸಿಟ್ಟು ಇಳಿದಿಲ್ಲ, ಆದರೆ ಅದು ಈಗ ಬೇರೆ ಕಡೆಗೆ ತಿರುಗಿದೆ. ಅದನ್ನು ಹೇಳಿಕೊಳ್ಳಲು ಈ ಬರಹ.

ಹಿನ್ನೆಲೆ ಹೀಗಿದೆ. 1977ರಲ್ಲಿ ಮಾರ್ಲಿಯವರ ಬಲಗಾಲಿನ ಹೆಬ್ಬೆರಳ ಉಗುರಿನಡಿ ಮೆಲನೋಮ ಪತ್ತೆಯಾಯಿತು. ಚರ್ಮದ ಕ್ಯಾನ್ಸರುಗಳಲ್ಲಿ ಬಹಳ ಕೆಟ್ಟದ್ದು ಅದು. ಬೆರಳನ್ನೇ ತೆಗೆಸಿಬಿಡಿ ಎಂದರು ವೈದ್ಯರು. ಮಾರ್ಲಿ ಅನುಸರಿಸುತ್ತಿದ್ದ, ಜಮೈಕಾದಲ್ಲಿ ಹುಟ್ಟಿದ ರಾಸ್ತಾಫಾರಿ ಧರ್ಮದವರಿಗೆ ದೇಹದ ಅಂಗವನ್ನು ಕತ್ತರಿಸುವುದು ನಿಷಿದ್ಧ, ಅವರು ಒಪ್ಪಲಿಲ್ಲ. ಉಗುರನ್ನೂ ಅದರ ತಳವನ್ನೂ ತೆಗೆದು ತೊಡೆಯ ಚರ್ಮವನ್ನು ಅಲ್ಲಿಗೆ ಹಾಕಿದರು. ಮೂರು ವರ್ಷ ಆ ಕಾಲಿನಲ್ಲೇ ಊರೂರು ಸುತ್ತಿ ಕುಣಿದರು, ಬಿಡುವಿದ್ದಾಗ ಫುಟ್‌ಬಾಲ್ ಆಡಿದರು. 1980ರ ಮೇ ಕೊನೆಗೆ ಜ್ಯೂರಿಕ್‌ನಲ್ಲಿ ಆರಂಭವಾದ ಪ್ರವಾಸ ಜೂನ್ 27ರಂದು ಮಿಲಾನಿನ ಸಾನ್ ಸಿರೋ ಕ್ರೀಡಾಂಗಣಕ್ಕೆ ಬಂದಾಗ ಲಕ್ಷದಷ್ಟು ಜನ ಸೇರಿದ್ದರು. ಸೆಪ್ಟೆಂಬರ್ 19 ಮತ್ತು 20ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಾಡಿದರು. ಮರುದಿನ ಸೆಂಟ್ರಲ್ ಪಾರ್ಕಿನಲ್ಲಿ ಓಡುತ್ತಿದ್ದಾಗ ಕುಸಿದುಬಿದ್ದರು. ರೋಗ ಮಿದುಳಿಗೆ ಹತ್ತಿತ್ತು.

ಅದಾದ ಎರಡೇ ದಿನಕ್ಕೆ, 23ರ ಮಂಗಳವಾರ, ಅಮೆರಿಕದ ಉಕ್ಕಿನ ಊರಾದ ಪಿಟ್ಸ್‌ಬರ್ಗಿನ ಸ್ಟ್ಯಾನ್ಲಿ ಥಿಯೇಟರಿನಲ್ಲಿ ಅವರು ವೇದಿಕೆ ಹತ್ತಿದರು. ಅಲ್ಲಿಂದ ಮುಂದಿನ ಕಛೇರಿಗಳೆಲ್ಲ ರದ್ದಾದವು. ಜರ್ಮನಿಯ ಬವೇರಿಯಾದಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. 1981ರ ಮೇ 11ರಂದು ಮಯಾಮಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 36.

ಆ ರಾತ್ರಿಯ ಟೇಪಿನಿಂದ 1992ರ ಒಂದು ಸಂಗ್ರಹದಲ್ಲಿ ‘ರಿಡೆಂಪ್ಶನ್ ಸಾಂಗ್’ ಮಾತ್ರ ಹೊರಬಂದಿತ್ತು. ಇಡೀ ಕಛೇರಿ ಅಧಿಕೃತವಾಗಿ ಕೇಳಲು ಸಿಕ್ಕಿದ್ದು 2011ರಲ್ಲೇ.

ಇಷ್ಟು ಕಥೆ ತಲೆಯಲ್ಲಿಟ್ಟುಕೊಂಡು ಕೂತರೆ ಕಿವಿ ಏನು ಮಾಡುತ್ತದೆ? ಸಾವನ್ನು ಹುಡುಕುತ್ತದೆ. ನಾನೂ ಹುಡುಕಿದೆ. ಇಲ್ಲಿ ಉಸಿರು ಸಾಲದಾಯಿತೇ, ಈ ಸಾಲನ್ನು ಬೇಗ ಮುಗಿಸಿದರೇ, ಈ ಮೌನಕ್ಕೇನು ಅರ್ಥ ಎಂದು ಒಂದೊಂದು ಕಡೆಯೂ ನಿಲ್ಲಿಸಿ ನಿಲ್ಲಿಸಿ ಕೇಳಿದೆ. ಕೊನೆಗಿಂತ ಒಂದು ಹಾಡು ಹಿಂದೆ ‘ವರ್ಕ್’ ಬರುತ್ತದೆ. ಇನ್ನು ಐದು ದಿನ, ಇನ್ನು ನಾಲ್ಕು ದಿನ ಎಂದು ಮೇಲಿಂದ ಕೆಳಕ್ಕೆ ಎಣಿಸುತ್ತಾ ಹೋಗುವ ಹಾಡು. ಅದು ಬಂದಾಗ ನನಗೆ ಕಣ್ಣು ತುಂಬಿತು. ತನ್ನ ದಿನಗಳನ್ನು ತಾನೇ ಎಣಿಸುತ್ತಿದ್ದಾರೆ ಎನಿಸಿತು.

ಆದರೆ ಅದು ನನ್ನ ಕಿವಿ ಕಟ್ಟಿದ ಕಥೆ. ಆ ಹಾಡು ಅದೇ ವರ್ಷದ ಜೂನಿನಲ್ಲಿ ಬಂದ ಆಲ್ಬಂನಲ್ಲೇ ಇತ್ತು; ಸೆಂಟ್ರಲ್ ಪಾರ್ಕಿನಲ್ಲಿ ಕುಸಿಯುವ ಮೊದಲೇ ಅದನ್ನು ಬರೆದು, ಹಾಡಿ, ಅಚ್ಚು ಹಾಕಿ ಆಗಿತ್ತು. ಅದು ವಾರವಿಡೀ ದುಡಿಯುವವನ ಹಾಡು. ವಾರ ಮುಗಿಯಲು ಇನ್ನೆಷ್ಟು ದಿನ ದುಡಿಯಬೇಕು ಎಂದು ಕೂಲಿಯವನು ಹಾಕುವ ಲೆಕ್ಕ. ಪಿಟ್ಸ್‌ಬರ್ಗಿನ ಜನ ಅಂದು ಅದನ್ನು ಹಾಗೆಯೇ ಕೇಳಿರುತ್ತಾರೆ. ಅವರಿಗೆ ಇದು ಕೊನೆಯ ಕಛೇರಿ ಎಂದು ಯಾರು ಹೇಳಿದ್ದರು? ಟಿಕೆಟ್ ಕೊಂಡು, ಊಟ ಮುಗಿಸಿ, ಮಂಗಳವಾರ ರಾತ್ರಿ ಹಾಡು ಕೇಳಲು ಬಂದವರು ಅವರು.

ಇದು ನನಗೆ ಹೊಳೆದದ್ದು ಮಾಮಾ ಅವರಿಂದ. ನಲವತ್ತು ವರ್ಷ ತಬಲ ಸಾಥ್ ಮಾಡಿದವರು ಅವರು. ಎಡಗಿವಿ ಈಗ ಮಂದವಾಗಿದೆ, ಕೈ ಮಾತ್ರ ಇನ್ನೂ ಸುಮ್ಮನೆ ಕೂರುವುದಿಲ್ಲ. ರೆಗೆ ಎಂಬ ಹೆಸರು ಅವರು ಕೇಳಿದವರಲ್ಲ. ನಾನೂ ಏನೂ ಹೇಳಲಿಲ್ಲ. ಗಾಯಕನಿಗೆ ಕಾಯಿಲೆ ಇತ್ತು ಎಂದೂ ಹೇಳಲಿಲ್ಲ. ‘ನ್ಯಾಚುರಲ್ ಮಿಸ್ಟಿಕ್’ ಹಚ್ಚಿದೆ. ಎರಡು ನಿಮಿಷ ತೊಡೆಯ ಮೇಲೆ ಬೆರಳು ಎಣಿಸುತ್ತಾ ಕೂತಿದ್ದವರು ತಟ್ಟನೆ ಕೈ ಎತ್ತಿದರು.

“ನಿಲ್ಲಿಸು. ಇವನು ಸಮವನ್ನು ಬಾರಿಸುತ್ತಲೇ ಇಲ್ಲವಲ್ಲ?”

“ಇಲ್ಲ ಮಾಮಾ. ಬೇಕೆಂದೇ ಬಿಡುತ್ತಾರೆ.”

“ನಮ್ಮ ರೂಪಕದಲ್ಲೂ ಸಮದ ಮೇಲೇ ಖಾಲಿ ಬರುತ್ತದೆ. ಆದರೆ ಇವನು ಪೂರ್ತಿ ಬಿಟ್ಟುಬಿಡುತ್ತಾನೆ. ಮತ್ತೆ ಹಚ್ಚು.”

ಸಮ ಎಂದರೆ ತಾಳದ ಆವರ್ತನದ ಮೊದಲ ಮಾತ್ರೆ, ಖಾಲಿ ಎಂದರೆ ಒತ್ತು ಬೀಳದ ಜಾಗ; ರೂಪಕ ಏಳು ಮಾತ್ರೆಯ ತಾಳ. ಇಷ್ಟು ವರ್ಷ ರೆಗೆ ಕೇಳಿದ ನನಗೆ ಈ ಮಾತು ಸಿಕ್ಕಿರಲಿಲ್ಲ. ಜಮೈಕಾದವರು ಇದನ್ನು ‘ಒನ್ ಡ್ರಾಪ್’ ಎನ್ನುತ್ತಾರೆ. ನಾಲ್ಕು ಮಾತ್ರೆಯ ಆವರ್ತನದಲ್ಲಿ ಮೊದಲನೆಯದು ಬರಿದು. ದೊಡ್ಡ ಡ್ರಮ್ಮಿನ ಏಟು ಬೀಳುವುದು ಮೂರನೆಯದರ ಮೇಲೆ. ಎರಡು ಮತ್ತು ನಾಲ್ಕರ ಮೇಲೆ ಗಿಟಾರು ಚಕ್ ಚಕ್ ಎಂದು ಕತ್ತರಿಸಿದಂತೆ ಬರುತ್ತದೆ. ಬೇರೆ ಸಂಗೀತ ಎಲ್ಲಿ ಕಾಲೂರಿ ನಿಲ್ಲುತ್ತದೋ ಅಲ್ಲೇ ಇವರು ಜಾಗ ಬಿಟ್ಟಿರುತ್ತಾರೆ, ಆ ಜಾಗದಲ್ಲಿ ಕೇಳುವವನ ಮೈ ತಾನಾಗಿ ತೂಗುತ್ತದೆ. ಆಮೇಲೆ ‘ಎಕ್ಸೋಡಸ್’ ಬಂದಾಗ ಅದೇ ಡ್ರಮ್ಮು ನಾಲ್ಕೂ ಮಾತ್ರೆಗಳ ಮೇಲೆ ಧಿಂ ಧಿಂ ಎಂದು ನಡೆಯುತ್ತದೆ, ಸಾವಿರ ಜನ ಒಟ್ಟಿಗೆ ಹೆಜ್ಜೆ ಹಾಕಿದ ಹಾಗೆ. ಮಾಮಾ ಬೆನ್ನು ನೆಟ್ಟಗೆ ಮಾಡಿ ಕೂತರು. “ಇವರಿಬ್ಬರೂ ಒಂದೇ ಮನೆಯವರಿರಬೇಕು, ಡ್ರಮ್ಮಿನವನೂ ಆ ಕೆಳಗಿನ ಸ್ವರ ನುಡಿಸುವವನೂ” ಎಂದರು.

ಹೌದು, ಅಣ್ಣತಮ್ಮಂದಿರು. ಬೇಸ್ ಗಿಟಾರಿನಲ್ಲಿ ಅಣ್ಣ ಆಸ್ಟನ್ ಬ್ಯಾರೆಟ್, ಎಲ್ಲರೂ ಕರೆಯುತ್ತಿದ್ದದ್ದು ಫ್ಯಾಮಿಲಿ ಮ್ಯಾನ್ ಎಂದು. ಡ್ರಮ್ಮಿನಲ್ಲಿ ತಮ್ಮ ಕಾರ್ಲ್‌ಟನ್. ಕೀಬೋರ್ಡಿನಲ್ಲಿ ಟೈರೋನ್ ಡೌನಿ ಮತ್ತು ಅರ್ಲ್ ಲಿಂಡೊ, ಗಿಟಾರಿನಲ್ಲಿ ಜೂನಿಯರ್ ಮಾರ್ವಿನ್ ಮತ್ತು ಅಲ್ ಆಂಡರ್ಸನ್, ತಾಳವಾದ್ಯಗಳಲ್ಲಿ ಸೀಕೊ ಪ್ಯಾಟರ್ಸನ್. ಹಿಂದೆ ನಿಂತು ದನಿಗೂಡಿಸಿದ ಮೂವರು ಮಾರ್ಸಿಯಾ ಗ್ರಿಫಿತ್ಸ್, ಜೂಡಿ ಮೊವಾಟ್ ಮತ್ತು ರೀಟಾ ಮಾರ್ಲಿ. ಆ ರೀಟಾ ಅವರು ಮಾರ್ಲಿಯವರ ಹೆಂಡತಿ.

ಈಗ ಆ ಕಛೇರಿಯನ್ನು ಈ ಕಡೆಯಿಂದ ಕೇಳಿ ನೋಡಿ. ಮುಂದೆ ನಿಂತವನು ಎರಡು ದಿನದ ಹಿಂದೆ ಬಿದ್ದಿದ್ದಾನೆ. ಹಿಂದಿರುವವರ ಕೈ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ. ಲಯ ಓಡಿಲ್ಲ, ಎಳೆದಿಲ್ಲ. ಅವನ ದನಿ ಎಲ್ಲಿ ಇಳಿದರೂ ಕೆಳಗೆ ನೆಲ ಇರಬೇಕು, ಇದೆ. ಗಾಯಕನ ಮೈ ಸರಿಯಿಲ್ಲದ ದಿನ ಸಾಥಿದಾರ ಏನು ಮಾಡಬೇಕು ಎಂದು ಮಾಮಾ ಅವರನ್ನು ಕೇಳಿದೆ. “ಏನೂ ಹೊಸದು ಮಾಡಬಾರದು. ಠೇಕಾ ಶುದ್ಧವಾಗಿ ಹಿಡಿಯಬೇಕು. ಅವನಿಗೆ ಒರಗಲು ಅದೊಂದೇ” ಎಂದರು. ಠೇಕಾ ಎಂದರೆ ತಾಳದ ಮೂಲ ಬಡಿತ. ಆ ರಾತ್ರಿಗೆ ಐದು ತಿಂಗಳ ಹಿಂದೆ, ಏಪ್ರಿಲ್‌ನಲ್ಲಿ, ಜಿಂಬಾಬ್ವೆಯ ಸ್ವಾತಂತ್ರ್ಯದ ರಾತ್ರಿ ರುಫಾರೋ ಕ್ರೀಡಾಂಗಣದಲ್ಲಿ ಪೊಲೀಸರ ಅಶ್ರುವಾಯುವಿನ ನಡುವೆ ಆ ದೇಶದ ಹೆಸರಿನ ಹಾಡನ್ನು ಈ ವಾದ್ಯಗಾರರೇ ನುಡಿಸಿದ್ದರು. ಪಿಟ್ಸ್‌ಬರ್ಗಿನಲ್ಲೂ ಅದೇ ಹಾಡು, ಅದೇ ಕೈಗಳು.

ನನ್ನ ಸಿಟ್ಟು ತಿರುಗಿದ್ದು ಇಲ್ಲಿಗೆ. ಕಾರ್ಲ್‌ಟನ್ ಬ್ಯಾರೆಟ್ 1987ರ ಏಪ್ರಿಲ್‌ನಲ್ಲಿ ಕಿಂಗ್‌ಸ್ಟನ್ನಿನ ತಮ್ಮ ಮನೆಯ ಹೊರಗೆ ಗುಂಡೇಟಿಗೆ ಬಲಿಯಾದರು. ಅವರಿಗೂ ಆಗ 36. ಅಣ್ಣ ಆಸ್ಟನ್ ತನ್ನ ಮತ್ತು ತೀರಿಕೊಂಡ ತಮ್ಮನ ಪಾಲಿನ ರಾಯಧನ ಬೇಕೆಂದು, ಕೆಲವು ಹಾಡುಗಳ ರಚನೆಯಲ್ಲಿ ತಮ್ಮ ಹೆಸರಿರಬೇಕೆಂದು ಧ್ವನಿಮುದ್ರಣ ಕಂಪನಿಯ ಮತ್ತು ಮಾರ್ಲಿ ಕುಟುಂಬದ ವಿರುದ್ಧ ಲಂಡನ್ನಿನಲ್ಲಿ ದಾವೆ ಹೂಡಿದರು. ಕೇಳಿದ್ದು ಆರು ಕೋಟಿ ಪೌಂಡ್. 2006ರಲ್ಲಿ ಹೈಕೋರ್ಟು ದಾವೆಯನ್ನು ತಳ್ಳಿಹಾಕಿತು. 1994ರಲ್ಲೇ ಒಂದು ಮೊತ್ತ ಪಡೆದು ಹಕ್ಕು ಬಿಟ್ಟುಕೊಟ್ಟ ಒಪ್ಪಂದಕ್ಕೆ ಅವರು ಸಹಿ ಹಾಕಿದ್ದರು ಎಂಬುದು ಕಾರಣ. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು, ಸಹಿ ಸಹಿಯೇ. ಆದರೆ ಐದು ವರ್ಷದ ನಂತರ ಬಂದ ಈ ಆಲ್ಬಂನ ಯಾವ ಹಾಡನ್ನಾದರೂ ಹಚ್ಚಿ, ಬೇಸ್ ಮತ್ತು ಡ್ರಮ್ ತೆಗೆದುಹಾಕಿ ಕಲ್ಪಿಸಿಕೊಳ್ಳಿ. ಅಲ್ಲಿ ಉಳಿಯುವುದನ್ನು ರೆಗೆ ಎಂದು ಕರೆಯಲಾದೀತೇ?

ತೀರಿಕೊಂಡವರ ಟೇಪು ಹೊರಬರಬೇಕೇ ಬೇಡವೇ ಎಂಬ ಜಗಳದಲ್ಲಿ ನಾವೆಲ್ಲ ಸತ್ತವನ ಒಪ್ಪಿಗೆಯ ಬಗ್ಗೆ ಮಾತ್ರ ಮಾತಾಡುತ್ತೇವೆ. ನಾನೂ ಹತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿದೆ. ಅದೇ ವೇದಿಕೆಯ ಮೇಲಿದ್ದು 2011ರಲ್ಲಿ ಬದುಕಿದ್ದವರನ್ನು ನಾನು ನೆನೆಯಲೇ ಇಲ್ಲ. ಫ್ಯಾಮಿಲಿ ಮ್ಯಾನ್ 2024ರ ಫೆಬ್ರುವರಿಯವರೆಗೂ ಇದ್ದರು.

ಮಾಮಾ ಅವರ ಕಪಾಟಿನಲ್ಲಿ ಹಳೆಯ ಬೈಠಕ್ಕುಗಳ ಕ್ಯಾಸೆಟ್ಟುಗಳಿವೆ. ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ. ಲೇಬಲ್ಲಿನ ಮೇಲೆ ಗಾಯಕರ ಹೆಸರು, ರಾಗ, ತಾರೀಖು ಇದೆ. ಅವುಗಳಲ್ಲಿ ಎಷ್ಟಕ್ಕೋ ತಬಲ ಬಾರಿಸಿದವರು ಮಾಮಾ ಅವರೇ. ಅದು ಎಲ್ಲೂ ಬರೆದಿಲ್ಲ, ಅವರ ಸ್ವಂತ ಕೈಬರಹದ ಲೇಬಲ್ಲಿನಲ್ಲೂ ಇಲ್ಲ.

ಈ ಕಛೇರಿಯನ್ನು ಕೇಳುವವರಿದ್ದರೆ ದಯವಿಟ್ಟು ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಆ ಪುಟ್ಟ ಸ್ಪೀಕರಿಗೆ ಬೇಸ್ ಹೊರಡಿಸುವ ಶಕ್ತಿಯಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಮನೆಯಲ್ಲಿ ದೊಡ್ಡ ಪೆಟ್ಟಿಗೆಯ ಹಳೆಯ ಸ್ಪೀಕರಿದ್ದರೆ ಧೂಳು ಒರೆಸಿ ಅದಕ್ಕೆ ಜೋಡಿಸಿ. ಮಾಮಾ ಅವರ ಮನೆಯಲ್ಲಿ ಅಂಥದ್ದು ಒಂದಿತ್ತು. ಕೊನೆಯ ಹಾಡು ಮುಗಿದು ಜನರ ಕೂಗು ಅಡಗಿದ ಮೇಲೆ ಅವರು ‘ಎಕ್ಸೋಡಸ್’ ಇನ್ನೊಮ್ಮೆ ಹಚ್ಚಲು ಹೇಳಿದರು. ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡು, ಅದರ ಬಟ್ಟೆಯ ಮೇಲೆ ಅಂಗೈ ಊರಿ, ಹಾಡು ಮುಗಿಯುವವರೆಗೂ ಹಾಗೆಯೇ ಕೂತಿದ್ದರು.