ವಾಲಿದ ಗೋಪುರ ಮತ್ತು ಟೈಲ್ಸ್ ಕೆಳಗಿನ ಅಕ್ಷರ

ನಾನಿರುವ ಚೆಸ್ಟರ್‌ಫೀಲ್ಡ್‌ಗೆ ಊರಿಂದ ಯಾರೇ ಬರಲಿ, ರೈಲು ಇಳಿದ ತಕ್ಷಣ ಕೇಳುವುದು ಒಂದೇ ಪ್ರಶ್ನೆ. ‘ಅಯ್ಯೋ, ಆ ಚರ್ಚಿನ ಗೋಪುರ ಬೀಳ್ತಿದೆಯಾ?’

ಬೀಳುತ್ತಿಲ್ಲ. 650 ವರ್ಷಕ್ಕೂ ಜಾಸ್ತಿ ಕಾಲದಿಂದ ನಿಂತಿದೆ.

ಇದು ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್, ಇಂಗ್ಲೆಂಡಿನ ಡರ್ಬಿಶೈರ್ ಜಿಲ್ಲೆಯ ಅತಿ ದೊಡ್ಡ ಪ್ಯಾರಿಷ್ ಚರ್ಚ್, ಅಂದರೆ ಊರಿನ ಜನರ ಚರ್ಚ್. ಗೋಪುರದ ಎತ್ತರ 228 ಅಡಿ. ಕೆಳಗೆ ಚೌಕದ ಕಲ್ಲುಕಟ್ಟಡ, ಅದರ ಮೇಲೆ ಮರದ ಚೂಪು ಶಿಖರ, ಅದಕ್ಕೆ ಸೀಸದ ತಗಡಿನ ಹೊದಿಕೆ. ಈ ಶಿಖರ ಒದ್ದೆ ಬಟ್ಟೆ ಹಿಂಡಿದ ಹಾಗೆ 45 ಡಿಗ್ರಿ ತಿರುಚಿಕೊಂಡಿದೆ. ತುದಿ ಇರಬೇಕಾದ ಜಾಗದಿಂದ ಒಂಬತ್ತೂವರೆ ಅಡಿ ಆಚೆ ವಾಲಿದೆ. ಪಕ್ಕದ ಬೋಲ್ಸೋವರ್‌ನ ಕಮ್ಮಾರ ಸೈತಾನನ ಕಾಲಿಗೆ ಲಾಳ ಹೊಡೆಯುವಾಗ ಮೊಳೆ ತಪ್ಪಿ ಮಾಂಸಕ್ಕೆ ಹೊಕ್ಕಿತು, ಆ ನೋವಿಗೆ ಅವನು ಹಾರಿ ಬಂದು ಗೋಪುರಕ್ಕೆ ಒದ್ದ ಅಂತ ಇಲ್ಲಿನವರು ಕಥೆ ಹೇಳುತ್ತಾರೆ. ಮರ ಹಸಿಯಾಗಿತ್ತು, ಒಳಗೆ ಅಡ್ಡ ತೊಲೆಗಳು ಸಾಲಲಿಲ್ಲ, ಮೇಲಿನಿಂದ ಮೂವತ್ತು ಟನ್ನಿಗೂ ಮೀರಿದ ಸೀಸದ ಭಾರ ಬಿತ್ತು ಅನ್ನುವುದು ಬಲ್ಲವರ ವಿವರಣೆ. ಶಿಖರ ಕಟ್ಟಿದ್ದು 1362ರ ಸುಮಾರಿಗೆ. ಅದಕ್ಕೆ ಸ್ವಲ್ಪ ಮೊದಲು ಬಂದ ಮಹಾಮಾರಿಯಲ್ಲಿ ನುರಿತ ಬಡಗಿಗಳೇ ಸತ್ತುಹೋಗಿದ್ದರು ಅಂತಲೂ ಹೇಳುತ್ತಾರೆ. ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದರೆ ಸೀಸದ ತಗಡುಗಳು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಸಾಲುಗಟ್ಟಿರುವುದು ಕಾಣುತ್ತದೆ. ಬಿಸಿಲು ಬಿದ್ದ ಮಗ್ಗುಲು ಬೆಳ್ಳಗೆ, ಇನ್ನೊಂದು ಕಪ್ಪಗೆ.

ನನಗೆ ಇಷ್ಟವಾಗಿದ್ದು ಇಷ್ಟೇ: ಅದನ್ನು ಯಾರೂ ನೆಟ್ಟಗೆ ಮಾಡಲು ಹೋಗಿಲ್ಲ. ಊರಿನ ಫುಟ್‌ಬಾಲ್ ತಂಡಕ್ಕೂ ಅದರದ್ದೇ ಅಡ್ಡಹೆಸರು, ‘ಸ್ಪೈರೈಟ್ಸ್’ (ಸ್ಪೈರ್ ಅಂದರೆ ಶಿಖರ). 1961ರ ಡಿಸೆಂಬರ್ 22ರಂದು ಚರ್ಚಿಗೆ ಬೆಂಕಿ ಬಿತ್ತು. 1756ರಲ್ಲಿ ಸ್ನೆಟ್ಜ್ಲರ್ ಎಂಬ ಕುಶಲಕರ್ಮಿ ಮಾಡಿದ್ದ ಆರ್ಗನ್ ವಾದ್ಯ ಸುಟ್ಟುಹೋಯಿತು. ಶಿಖರ ಉಳಿಯಿತು.

ಈ ಚರ್ಚು ಸಂರಕ್ಷಿತ ಕಟ್ಟಡಗಳ ಗ್ರೇಡ್ ಒಂದರ ಪಟ್ಟಿಯಲ್ಲಿದೆ. ಅಂದರೆ ಅತ್ಯಂತ ಮುಖ್ಯವಾದ ಕಟ್ಟಡಗಳ ಸಾಲು, ಇಂಗ್ಲೆಂಡಿನ ಪಟ್ಟಿಯಲ್ಲಿ ಶೇ. 2.5ರಷ್ಟಕ್ಕೆ ಮಾತ್ರ ಸಿಗುವ ದರ್ಜೆ. ಆದರೆ ಪಟ್ಟಿಗಿಂತ ಮುಖ್ಯ ಅದರ ಹಿಂದಿರುವ ರೂಢಿ. ಚರ್ಚ್ ಆಫ್ ಇಂಗ್ಲೆಂಡಿನ ಪ್ರತಿ ಪ್ಯಾರಿಷ್ ಚರ್ಚನ್ನೂ ಐದು ವರ್ಷಕ್ಕೊಮ್ಮೆ ಅನುಭವಿ ಆರ್ಕಿಟೆಕ್ಟ್ ಅಥವಾ ಸರ್ವೇಯರ್ ಒಬ್ಬರು ಬುಡದಿಂದ ತುದಿವರೆಗೆ ನೋಡಿ ವರದಿ ಬರೆಯಲೇಬೇಕು. 1955ರಿಂದ ಇದು ಕಾನೂನು. ಸಣ್ಣಪುಟ್ಟ ದುರಸ್ತಿ ಬಿಟ್ಟು ಏನನ್ನೇ ಬದಲಿಸಬೇಕಾದರೂ ‘ಫ್ಯಾಕಲ್ಟಿ’ ಅನ್ನುವ ಅನುಮತಿ ಬೇಕು. ನಮ್ಮ ಮನೆ ಹತ್ತಿರದ ಸಣ್ಣ ಹಳ್ಳಿ ಚರ್ಚಿನ ಬಾಗಿಲಿಗೆ ಒಮ್ಮೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ಗಾಲಿಕುರ್ಚಿಗೆ ಜಾಗ ಮಾಡಲು ಹಿಂದಿನ ಎರಡು ಬೆಂಚು ತೆಗೆಯುತ್ತೇವೆ, ಆಕ್ಷೇಪ ಇದ್ದರೆ 28 ದಿನದೊಳಗೆ ತಿಳಿಸಿ ಅಂತ. ಎರಡು ಬೆಂಚಿಗೆ! ಮಳೆಯಲ್ಲಿ ನಿಂತು ಅದನ್ನು ಎರಡು ಸಲ ಓದಿದೆ.

ಯಾಕೆಂದರೆ ಆಗ ನೆನಪಾಗಿದ್ದು ನಮ್ಮೂರ ಈಶ್ವರನ ಗುಡಿ.

ನಮ್ಮೂರು ಹಾಸನ ಜಿಲ್ಲೆ. ಗುಡಿಯ ನವರಂಗದಲ್ಲಿ ಎಡಗಡೆ ಕಂಬದ ಬುಡದಲ್ಲಿ ಹಳೇ ಕಾಲದ ನಾಲ್ಕು ಸಾಲು ಅಕ್ಷರ ಇದ್ದವು. ಚಿಕ್ಕವನಿದ್ದಾಗ ಅಜ್ಜಿ ಪೂಜೆ ಮುಗಿಸುವವರೆಗೂ ಅಲ್ಲೇ ಕೂತು ಬೆರಳಲ್ಲಿ ಅವನ್ನು ತಿದ್ದುತ್ತಿದ್ದೆ. ಎಂಟು ವರ್ಷದ ಹಿಂದೆ ಹೋದಾಗ ನೆಲಕ್ಕೆಲ್ಲ ಹೊಳೆಯುವ ಟೈಲ್ಸ್, ಕಂಬದ ಬುಡಕ್ಕೂ ಒಂದೂವರೆ ಅಡಿ ಟೈಲ್ಸ್, ಅದರ ಮೇಲೆ ಕಂಬಕ್ಕೆಲ್ಲ ಆಯಿಲ್ ಪೇಂಟ್. ಮಾವ ಹೆಮ್ಮೆಯಿಂದ ‘ಎಷ್ಟು ನೀಟಾಗಿದೆ ನೋಡೋ’ ಅಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಊರವರು ಕೈಯಿಂದ ದುಡ್ಡು ಹಾಕಿ, ಭಕ್ತಿಯಿಂದಲೇ ಮಾಡಿಸಿದ್ದು. ಮುಟ್ಟುವ ಮೊದಲು ಯಾರನ್ನಾದರೂ ಕೇಳಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೇಳೋಣ ಅಂದರೂ ಹತ್ತಿರದಲ್ಲಿ ಯಾರೂ ಇರಲಿಲ್ಲ.

ಇಂಗ್ಲೆಂಡಿನವರೂ ಹುಟ್ಟುತ್ತಲೇ ಇದನ್ನು ಕಲಿತವರಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ‘ಜೀರ್ಣೋದ್ಧಾರ’ದ ಹೆಸರಲ್ಲಿ ಎಷ್ಟೋ ಚರ್ಚುಗಳ ಹಳೇ ಗಾರೆ ಕೆರೆದು, ಬೇರೆ ಬೇರೆ ಕಾಲದಲ್ಲಿ ಸೇರಿದ್ದನ್ನೆಲ್ಲ ಕಿತ್ತರು. ಟ್ಯೂಕ್ಸ್‌ಬರಿ ಅಬ್ಬೆ ಎಂಬ ಹಳೇ ಮಠದ ಚರ್ಚಿಗೂ ಅಂಥದ್ದೇ ಯೋಜನೆ ಬಂದಾಗ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ರೇಗಿ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಕೆರೆಯುವುದನ್ನು ವಿರೋಧಿಸುವವರು ಅಂತ ಅದಕ್ಕೆ ‘ಆಂಟಿ ಸ್ಕ್ರೇಪ್’ ಎಂಬ ಅಡ್ಡಹೆಸರೇ ಬಿತ್ತು. ಹೊಸದು ಮಾಡಬೇಡಿ, ದಿನಾ ಆರೈಕೆ ಮಾಡಿ ಅನ್ನುವುದು ಅವರ ಮಾತಿನ ಸಾರ. ನಮ್ಮ ಕಡೆ ಗುಡಿ ಗೋಡೆಗೆ ಮರಳು ಚಿಮ್ಮಿಸಿ ಬೆಳ್ಳಗೆ ಮಾಡುತ್ತಾರಲ್ಲ, ಅದೂ ಇದೇ ಕೆರೆತ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 1958ರ ಕೇಂದ್ರದ ಕಾಯ್ದೆ ಇದೆ, 1961ರ ನಮ್ಮ ರಾಜ್ಯದ್ದೂ ಇದೆ. ಆದರೆ ಪಟ್ಟಿಗೆ ಸೇರಿದ್ದಕ್ಕೆ ಬೇಲಿ, ನೀಲಿ ಬೋರ್ಡು. ಸೇರದೆ ಉಳಿದ ಸಾವಿರಾರು ಗುಡಿ, ಮಸೀದಿ, ಬಸದಿ, ಚರ್ಚುಗಳನ್ನು ಕೇಳುವವರಿಲ್ಲ. ನಡುವಿನ ದಾರಿ ಬೇಕು. ಪೂಜೆ ನಡೆಯುತ್ತಲೇ ಇರಲಿ, ಆದರೆ ಐದು ವರ್ಷಕ್ಕೊಮ್ಮೆ ಬಲ್ಲವರೊಬ್ಬರು ಬಂದು ನೋಡಲಿ. ನಮ್ಮೂರ ಹತ್ತಿರದ್ದೇ ಶೆಟ್ಟಿಹಳ್ಳಿ ಚರ್ಚು ನೋಡಿ. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಹೇಮಾವತಿಯ ಹಿನ್ನೀರು ಬಂದು ಊರು ಖಾಲಿಯಾಯಿತು. ಈಗ ನೀರು ಏರಿದಾಗ ಮುಳುಗುತ್ತದೆ, ಇಳಿದಾಗ ಎಲ್ಲರೂ ಫೋಟೊ ತೆಗೆದುಕೊಂಡು ಹೋಗುತ್ತಾರೆ, ಗೋಡೆ ಮಾತ್ರ ಕರಗುತ್ತಲೇ ಇದೆ. ಇಂಗ್ಲೆಂಡಿನಲ್ಲಿ ಪ್ರಾರ್ಥನೆ ನಿಂತುಹೋದ 350ಕ್ಕೂ ಹೆಚ್ಚು ಚರ್ಚುಗಳನ್ನು ನೋಡಿಕೊಳ್ಳಲು ಒಂದು ಟ್ರಸ್ಟೇ ಇದೆ.

ದುಡ್ಡಿಲ್ಲ ಅನ್ನುತ್ತೀರಾ? ಇಲ್ಲೂ ಇಲ್ಲ. ಪ್ಯಾರಿಷ್ ಚರ್ಚು ನಡೆಸಲು ಸರ್ಕಾರ ವರ್ಷವರ್ಷ ದುಡ್ಡು ಕೊಡುವುದಿಲ್ಲ. ವಯಸ್ಸಾದ ನಾಲ್ಕು ಜನ ಕೇಕ್ ಮಾರಿ ದುಡ್ಡು ಕೂಡಿಸುತ್ತಾರೆ. ಸೀಸದ ತಗಡು ಕದಿಯುವ ಕಳ್ಳರ ಕಾಟ ಬೇರೆ. ನಮ್ಮಲ್ಲೂ ಮಾಡಿದವರಿದ್ದಾರೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಸರ್ಕಾರ ಮತ್ತು ಊರವರನ್ನು ಜೊತೆಗೆ ಸೇರಿಸಿಕೊಂಡು ಎಷ್ಟೋ ಹಳೇ ಗುಡಿಗಳನ್ನು ಎತ್ತಿ ನಿಲ್ಲಿಸಿದೆ.

ಕಳೆದ ತಿಂಗಳು ಮಾವನಿಗೆ ಫೋನ್ ಮಾಡಿ ಆ ನಾಲ್ಕು ಸಾಲಿನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಎಡಗಡೆ ಕಂಬ ತಾನೆ? ಒಂದು ಟೈಲ್ಸ್ ಮೆಲ್ಲಗೆ ಬಿಡಿಸಿ ನೋಡ್ಬಹುದಾ ಅಂತ ಗಾರೆ ಕೆಲಸದವನನ್ನ ಕೇಳ್ತೀನಿ’ ಅಂದರು. ಬೇಡ ಮಾವ, ಅವನಿಗಿಂತ ಮೊದಲು ಶಾಸನ ಓದಲು ಬರುವವರೊಬ್ಬರನ್ನು ಕರೆಸೋಣ, ಖರ್ಚು ನಂದು ಅಂದೆ. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಿದ್ದೇನೆ.