ಗಮನ ಎಲ್ಲಿತ್ತು ರೀ?

ಈ ಪ್ರಶ್ನೆ ನಮ್ಮನೇಲಿ ಬೆಳಗಾದ್ರೆ ಶುರು. ಕೇಳೋಳು ನಾನು, ತಲೆ ಕೆರ್ಕೊಳ್ಳೋರು ನಮ್ಮನೆಯವರು. ಆದ್ರೆ ಇತ್ತೀಚೆಗೆ ಸೀನ್ ಬದಲಾಗಿದೆ. ಈ ಮನುಷ್ಯ ಮನಶ್ಶಾಸ್ತ್ರ ಓದೋಕೆ ಶುರು ಮಾಡಿದಾರೆ, ಅದರಲ್ಲೂ ಕಾಗ್ನಿಟಿವ್ ಸೈಕಾಲಜಿ, ಅದರಲ್ಲೂ ಗಮನ ಅನ್ನೋದು ತಲೆ ಒಳಗೆ ಹೇಗೆ ಕೆಲ್ಸ ಮಾಡುತ್ತೆ ಅನ್ನೋ ಭಾಗಾನೇ ಹುಡುಕಿ ಹುಡುಕಿ ಓದ್ತಾರೆ, ಜ್ಞಾನಕ್ಕಲ್ಲ, ಜಾಮೀನಿಗೆ. ಈಗ ಏನಾದ್ರೂ ಎಡವಟ್ಟು ಮಾಡಿದ್ರೆ ಸಾರಿ ಕೇಳಲ್ಲ, ಇಸವಿ ಹೇಳ್ತಾರೆ.

ಸುಮ್ನಿರೋಕಾಗುತ್ತಾ, ನಾನೂ ಓದಿದೆ. ಓದಿದ್ಮೇಲೆ ಒಂದು ವಿಷ್ಯ ಗೊತ್ತಾಯ್ತು. ಅವರಿಗೆ ಗಮನ ಇಲ್ಲ ಅನ್ನೋದು ಸುಳ್ಳು. ಗಮನ ಭರ್ತಿ ಇದೆ, ನನ್ ಕಡೆ ಇರಲ್ಲ ಅಷ್ಟೇ.

ಮೊನ್ನೆ ಫ್ರೆಂಡ್ ಜೊತೆ ಫೋನಲ್ಲಿ ಮಾತಾಡ್ತಾ ಮನೆ ತುಂಬಾ ಓಡಾಡ್ತಿದ್ರು, ಷರ್ಟ್ ಜೇಬು ತಟ್ಟಿ ನೋಡ್ಕೊಂಡ್ರು, ಪ್ಯಾಂಟ್ ಜೇಬು ನೋಡ್ಕೊಂಡ್ರು, ಸೋಫಾ ದಿಂಬು ಎತ್ತಿದ್ರು, ಆಮೇಲೆ ಆ ಫ್ರೆಂಡಿಗೇ "ಒಂದ್ನಿಮಿಷ ಇರೋ, ನನ್ ಫೋನ್ ಕಾಣಿಸ್ತಿಲ್ಲ" ಅಂದ್ರು. ಇಲ್ಲೀವರೆಗೆ ಎಲ್ಲರ ಮನೇಲೂ ಆಗೋದೇ. ಮಜಾ ಇರೋದು ಆ ಕಡೆಯವನಲ್ಲಿ. ಆ ಪುಣ್ಯಾತ್ಮ "ಹೌದಾ, ರಿಂಗ್ ಕೊಡ್ಲಾ?" ಅಂದ. "ಕೊಡೋ" ಅಂದ್ರು. ಕಟ್ ಮಾಡ್ದ, ರಿಂಗ್ ಕೊಟ್ಟ, ಕೈಯಲ್ಲೇ ರಿಂಗಾಯ್ತು, "ಸಿಕ್ತು ಕಣೋ, ಥ್ಯಾಂಕ್ಸ್" ಅಂತ ಹೇಳಿ ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಾನೇ ಮುಂದುವರೀತು. ಇಬ್ರಿಗೂ ಏನೂ ಅನ್ನಿಸ್ಲಿಲ್ಲ, ಇವತ್ತಿಗೂ ಅನ್ಸಿಲ್ಲ.

ಈ ತರದ ಕೇಸುಗಳಿಗೆ ನಮ್ಮನೆಯವರ ಪರ್ಮನೆಂಟ್ ವಕೀಲರು ಜೇಮ್ಸ್ ರೀಸನ್ ಅಂತ ಒಬ್ಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ. 1970ರ ದಶಕದ ಶುರುವಿನಲ್ಲಿ ಒಂದಿನ ಇವರು ಟೀ ಮಾಡ್ತಾ ನಿಂತಿದ್ರಂತೆ, ಬೆಕ್ಕು ಪಕ್ಕದಲ್ಲೇ ಹಸಿವಿಗೆ ಗಲಾಟೆ ಮಾಡ್ತಿತ್ತು, ಬೆಕ್ಕಿನ ಊಟದ ಡಬ್ಬಿ ತೆಗೆದು ಆ ಊಟಾನ ಸ್ಪೂನಲ್ಲಿ ನೀಟಾಗಿ ಟೀ ಪಾಟ್ ಒಳಗೆ ಹಾಕ್ಬಿಟ್ರು. ನಾವಾಗಿದ್ರೆ ಯಾರಿಗೂ ಗೊತ್ತಾಗ್ದಂಗೆ ತೊಳೆದಿಟ್ಟು ಸುಮ್ನಾಗ್ತಿದ್ವಿ. ಅವರು ಅದನ್ನೇ ಜೀವಮಾನದ ಸಂಶೋಧನೆ ಮಾಡ್ಕೊಂಡ್ರು, ಜನರ ಕೈಲಿ ದಿನಾ ಆಗೋ ಎಡವಟ್ಟುಗಳ ಡೈರಿ ಬರೆಸಿದ್ರು, ಮುಂದೆ ದೊಡ್ಡ ದೊಡ್ಡ ಅಪಘಾತಗಳಲ್ಲಿ ಮನುಷ್ಯರ ತಪ್ಪು ಹೇಗೆ ಸೇರ್ಕೊಳ್ಳುತ್ತೆ ಅನ್ನೋ ತನಕ ಹೋದ್ರು. ಡೈರಿಗಳಲ್ಲಿ ಕಂಡಿದ್ದೇನಂದ್ರೆ, ಇಂಥ ತಪ್ಪುಗಳು ಹೊಸದಾಗಿ ಕಲಿಯೋ ಕೆಲ್ಸದಲ್ಲಿ ಆಗೋದಲ್ಲ, ಕಣ್ಮುಚ್ಚಿ ಮಾಡೋವಷ್ಟು ರೂಢಿ ಆಗಿರೋ ಕೆಲ್ಸದಲ್ಲೇ ಆಗೋದು. ಕೈಗೆ ಕೆಲ್ಸ ಬಾಯಿಪಾಠ ಆಗಿರುತ್ತೆ, ಗಮನ "ನೀನು ನೋಡ್ಕೋ" ಅಂತ ಕೈಗೆ ಒಪ್ಪಿಸಿ ಬೇರೆ ಯೋಚನೆಗೆ ಹೊರಟೋಗುತ್ತೆ, ಆ ಗ್ಯಾಪಲ್ಲಿ ಪಕ್ಕದಲ್ಲಿರೋ ಅದೇ ತರದ ಇನ್ನೊಂದು ಕೆಲ್ಸ ನುಗ್ಗುತ್ತೆ. ಡಬ್ಬಿ, ಸ್ಪೂನು, ಹಾಕು. ಎಲ್ಲಾ ಕರೆಕ್ಟು, ಪಾತ್ರೆ ಒಂದು ಬೇರೆ.

ಈ ಥಿಯರಿ ಪ್ರಕಾರ ನಮ್ಮನೆಯವರು ಕಸದ ವಿಷಯದಲ್ಲಿ ಮಹಾ ಪಂಡಿತರು. ಬೆಳಿಗ್ಗೆ ಆಫೀಸಿಗೆ ಹೋಗ್ತಾ ಕಸದ ಚೀಲ ಡಬ್ಬಿಗೆ ಹಾಕಿ ಹೋಗ್ಬೇಕು, ಅಷ್ಟೇ ಕೆಲ್ಸ. ಒಂದು ಕೈಲಿ ಚೀಲ, ಇನ್ನೊಂದರಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಕಿವೀಲಿ ಬಾಸ್. ಆಮೇಲೆ ನಾನು ಹೊರಗೆ ಹೋಗಿ ನೋಡ್ತೀನಿ, ಕಸದ ಡಬ್ಬಿಗೆ ಒರಗಿಕೊಂಡು ಲ್ಯಾಪ್‌ಟಾಪ್ ಬ್ಯಾಗ್ ಪಾಪ ಒಂದೇ ನಿಂತಿದೆ. ಫೋನ್ ಮಾಡಿದ್ರೆ "ಇಲ್ಲ ಕಣೇ, ಬ್ಯಾಗ್ ನನ್ ಹತ್ರಾನೇ ಇದೆ, ಹಿಂದಿನ ಸೀಟಲ್ಲಿ" ಅಂತಾರೆ. "ಒಂದ್ಸಲ ತೆಗೆದು ನೋಡಿ" ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ "ವಾಸನೆ ಬರ್ತಿತ್ತು, ಎಸಿ ಸರ್ವಿಸ್ ಮಾಡಿಸ್ಬೇಕು ಅಂದ್ಕೊಂಡೆ" ಅಂದ್ರು.

ಇದಕ್ಕೂ ಅವರ ಹತ್ರ ಇಸವಿ ಇದೆ, 1890. ಆ ವರ್ಷ ವಿಲಿಯಂ ಜೇಮ್ಸ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಬರೆದ ದಪ್ಪನೆ ಪುಸ್ತಕದಲ್ಲಿ, ಗಮನ ಅಂದ್ರೇನು ಅಂತ ಎಲ್ಲರಿಗೂ ಗೊತ್ತು ಅಂತ ಧೈರ್ಯವಾಗಿ ಹೇಳಿದಾರೆ (ಆಮೇಲೆ ಬಂದೋರು ಇಷ್ಟು ವರ್ಷ ತಲೆ ಚಚ್ಕೊಂಡಿದ್ದು ನೋಡಿದ್ರೆ ಯಾರಿಗೂ ಗೊತ್ತಿರಲಿಲ್ಲ ಅನ್ಸುತ್ತೆ). ಅದೇ ಪುಸ್ತಕದಲ್ಲಿ ಅಭ್ಯಾಸಬಲದ ಬಗ್ಗೆ ಹೇಳ್ತಾ, ರಾತ್ರಿ ಊಟಕ್ಕೆ ಬಟ್ಟೆ ಬದಲಾಯಿಸೋಕೆ ರೂಮಿಗೆ ಹೋಗಿ, ಒಂದೊಂದೇ ಬಟ್ಟೆ ಬಿಚ್ಚುತ್ತಾ ಕೊನೆಗೆ ಹಾಸಿಗೆ ಹತ್ತಿ ಮಲಗಿಬಿಡೋ ಮರೆಗುಳಿಗಳ ಬಗ್ಗೆ ಬರೆದಿದಾರೆ. ಇದನ್ನ ನಮ್ಮನೆಯವರು ಓದಿ ಹೇಳಿದ ರೀತಿ ನೋಡ್ಬೇಕಿತ್ತು, ದೂರದ ನೆಂಟರು ಸಿಕ್ಕಿದಷ್ಟು ಖುಷಿ.

ಇನ್ನು "ಹೂಂ" ವಿಚಾರ. ನಾನು ಮಾತಾಡ್ತಿರ್ತೀನಿ, ಅವರು ಮೊಬೈಲ್ ನೋಡ್ತಾ ಹೂಂ ಹೂಂ ಅಂತಿರ್ತಾರೆ, ಹೂಂಗಳ ಮಧ್ಯೆ ಗ್ಯಾಪ್ ಕೂಡ ಎಷ್ಟು ಕರೆಕ್ಟಾಗಿ ಬರುತ್ತೆ ಅಂದ್ರೆ ಕೇಳ್ತಾನೇ ಇದಾರೆ ಅನ್ಸುತ್ತೆ. ಒಂದಿನ ಅನುಮಾನ ಬಂತು. ಮಗಳ ಸ್ಕೂಲ್ ಮೀಟಿಂಗ್ ಬಗ್ಗೆ ಹೇಳ್ತಾ ಹೇಳ್ತಾ ದನಿ ಒಂಚೂರೂ ಬದಲಾಯಿಸದೇನೇ, "ಆಮೇಲೆ ಪ್ರಿನ್ಸಿಪಾಲರು ಒಂಟೆ ಮೇಲೆ ಬಂದ್ರು, ಒಂಟೇನೂ ಸೈನ್ ಮಾಡ್ತು" ಅಂದೆ. ಹೂಂ. "ನಾನು ನಾಳೆ ಚಂದ್ರನ ಮೇಲೆ ಹೋಗ್ತೀನಿ, ವಾಪಸ್ ಬರೋದು ಡೌಟು" ಅಂದೆ. "ಹೂಂ, ಹುಷಾರು."

ಆ "ಹುಷಾರು" ಎಲ್ಲಿಂದ ಬಂತು ಅನ್ನೋದೇ ನಂಗೆ ದೊಡ್ಡ ಪ್ರಶ್ನೆ ಆಗಿತ್ತು. ಉತ್ತರ ಹುಡುಕ್ತಾ ಹೋದ್ರೆ 1953ಕ್ಕೆ ಹೋಗ್ಬೇಕು. ಕಾಲಿನ್ ಚೆರ್ರಿ ಅನ್ನೋರು ಜನರಿಗೆ ಹೆಡ್‌ಫೋನ್ ಹಾಕಿ ಎರಡು ಕಿವಿಗೆ ಎರಡು ಬೇರೆ ಬೇರೆ ಮಾತು ಬಿಟ್ರು, ಒಂದು ಕಿವಿಗೆ ಬಂದಿದ್ದನ್ನ ಕೇಳಿಸ್ಕೊಂಡ ಹಾಗೇ ಗಟ್ಟಿಯಾಗಿ ಹೇಳ್ತಾ ಹೋಗ್ಬೇಕು. ಹೇಳಿದ್ರು. ಆಮೇಲೆ ಇನ್ನೊಂದು ಕಿವೀಲಿ ಏನು ಬಂತು ಅಂತ ಕೇಳಿದ್ರೆ ತಬ್ಬಿಬ್ಬು. ಮಧ್ಯದಲ್ಲಿ ಇಂಗ್ಲಿಷ್ ಬಿಟ್ಟು ಜರ್ಮನ್ ಶುರುವಾಗಿದ್ದೂ ಗೊತ್ತಾಗಿಲ್ಲ! ಗೊತ್ತಾಗಿದ್ದು ಗಂಡಸಿನ ದನಿ ಹೋಗಿ ಹೆಂಗಸಿನ ದನಿ ಬಂದಿದ್ದು, ಅಥವಾ ಮಾತು ಹೋಗಿ ಬರೀ ಪೀಂ ಅನ್ನೋ ಸೌಂಡ್ ಬಂದಿದ್ದು, ಅಂಥವು ಮಾತ್ರ. ನನ್ ಪ್ರಯೋಗದಲ್ಲಿ ಆದ ಎಡವಟ್ಟು ಅಂದ್ರೆ ದನಿ ಒಂದೇ ಸಮ ಇಟ್ಟಿದ್ದು, ಅಲ್ಲೇ ಒಂದ್ಸಲ ಕೂಗಿದ್ರೆ ತಲೆ ಎತ್ತುತ್ತಿದ್ರು.

1958ರಲ್ಲಿ ಡೊನಾಲ್ಡ್ ಬ್ರಾಡ್‌ಬೆಂಟ್ ಇದನ್ನೆಲ್ಲಾ ಸೇರಿಸಿ, ತಲೆ ಒಳಗೆ ಒಂದು ಫಿಲ್ಟರ್ ಇದೆ, ಒಂದು ದಾರಿ ಮಾತ್ರ ಒಳಗೆ ಬಿಡುತ್ತೆ, ಉಳಿದಿದ್ದು ಅರ್ಥ ಆಗೋ ಮುಂಚೇನೇ ಔಟ್ ಅಂದ್ರು. ಮರುವರ್ಷವೇ ನೆವಿಲ್ ಮೊರೇ ಅನ್ನೋರು, ಗಮನ ಕೊಡದ ಕಿವೀಲಿ ಅವರವರ ಹೆಸರನ್ನೇ ಕರೆದ್ರೆ ಸುಮಾರು ಮೂರಲ್ಲಿ ಒಬ್ಬರಿಗೆ ಕೇಳಿಸುತ್ತೆ ಅಂತ ತೋರಿಸಿದ್ರು. ಈಗ ಫಿಲ್ಟರ್ ಕಥೆ ಏನಾಯ್ತು? ಅದಕ್ಕೆ ಆನ್ ಟ್ರೀಸ್ಮನ್ ಅನ್ನೋ ಮಹಾತಾಯಿ, ಆ ಫಿಲ್ಟರ್ ಪೂರ್ತಿ ಮುಚ್ಚಲ್ಲ, ಬರೀ ವಾಲ್ಯೂಮ್ ಕಮ್ಮಿ ಮಾಡುತ್ತೆ ಅಂದ್ರು. ನಮ್ಮ ಹೆಸರು, ಅಪಾಯದ ಮಾತು ಇಂಥವಕ್ಕೆ ಆ ಕಮ್ಮಿ ವಾಲ್ಯೂಮೇ ಸಾಕು. ನಾನು ಒಳಗೆ ಅಕ್ಕನ ಹತ್ರ ಫೋನಲ್ಲಿ ಪಿಸುಪಿಸು ಅಂತ "ಇವ್ರು ಇದಾರಲ್ಲ" ಅಂದ್ರೆ ಸಾಕು, ಎರಡು ರೂಮು ದಾಟಿ "ಏನು ನನ್ ಬಗ್ಗೆ?" ಅಂತ ಬರುತ್ತೆ. ಅದೇ ಸೋಫಾ ಪಕ್ಕ ಕೂತು ಚಂದ್ರನ ಮೇಲೆ ಹೋಗ್ತೀನಿ ಅಂದ್ರೆ ಕೇಳಲ್ಲ. ಆದ್ರೂ "ವಾಪಸ್ ಬರೋದು ಡೌಟು" ಅನ್ನೋದು ಹೇಗೋ ಸೋರಿ ಒಳಗೆ ಹೋಗಿರ್ಬೇಕು, ಹುಷಾರು ಅಂದ್ರು. ನಾನು ಇದನ್ನ ಪ್ರೀತಿ ಅಂತ್ಲೇ ತಗೊಂಡಿದೀನಿ, ಬೇರೆ ದಾರಿ ಇಲ್ಲ.

ಅಂದ ಹಾಗೆ ಈ ಟ್ರೀಸ್ಮನ್ 1978ರಲ್ಲಿ ಮದುವೆ ಆಗಿದ್ದು ಡೇನಿಯಲ್ ಕಾನೆಮನ್ ಅವರನ್ನ, 2002ರಲ್ಲಿ ನೊಬೆಲ್ ಬಂತಲ್ಲ, ಅವರೇ. ಅವರೂ 1973ರಲ್ಲಿ ಗಮನದ ಬಗ್ಗೆನೇ ಪುಸ್ತಕ ಬರೆದಿದ್ರು, ತಲೆಗೆ ಒಂದು ಸಲಕ್ಕೆ ಹಾಕಬಹುದಾದ ಶ್ರಮಕ್ಕೆ ಮಿತಿ ಇದೆ, ಒಂದು ಕೆಲ್ಸ ಜಾಸ್ತಿ ಎಳ್ಕೊಂಡ್ರೆ ಇನ್ನೊಂದಕ್ಕೆ ಖೋತಾ ಅಂತ. ಗಮನದ ಮೇಲೆ ಪ್ರಪಂಚಕ್ಕೇ ಪಾಠ ಹೇಳೋ ಇಬ್ಬರು ಒಂದೇ ಮನೇಲಿದ್ರೆ "ನಾನ್ ಹೇಳಿದ್ದು ಕೇಳಿಸ್ತಾ?" ಅನ್ನೋ ಜಗಳ ಹೇಗೆ ನಡೀತಿತ್ತೋ ಅಂತ ನಂಗೆ ಭಾರಿ ಕುತೂಹಲ.

ಅತ್ತೆಯವರದ್ದು ಬೇರೆ ಬ್ರ್ಯಾಂಚು. ರೂಮಿಗೆ ಹೋಗ್ತಾರೆ, ಮಧ್ಯದಲ್ಲಿ ನಿಂತ್ಕೋತಾರೆ, "ಯಾಕೆ ಬಂದೆ ನಾನು?" ಅಂತ ಗೋಡೇನ ಕೇಳ್ತಾರೆ. 2011ರಲ್ಲಿ ಗೇಬ್ರಿಯಲ್ ರಾಡ್ವಾನ್ಸ್ಕಿ ಮತ್ತು ಜೊತೆಯವರು ಇದನ್ನೇ ಟೆಸ್ಟ್ ಮಾಡಿದ್ರು, ಒಂದೇ ದೊಡ್ಡ ರೂಮಲ್ಲಿ ಅಷ್ಟೇ ದೂರ ನಡೆದೋರಿಗಿಂತ ಬಾಗಿಲು ದಾಟಿದೋರು ಜಾಸ್ತಿ ಮರೆತ್ರು. ಮೊದಲಿದ್ದ ರೂಮಿಗೇ ವಾಪಸ್ ಕಳಿಸಿ ನೋಡಿದ್ರು, ಅದೂ ಉಪಯೋಗ ಆಗ್ಲಿಲ್ಲವಂತೆ. ಇದನ್ನ ಅತ್ತೆಗೆ ಹೇಳಿದೆ. "ಅವ್ರಿಗೆ ಆಗ್ಲಿಲ್ಲ ಅಂದ್ರೆ ನಂಗೂ ಆಗಬಾರ್ದಾ, ನಂಗೆ ವಾಪಸ್ ಹೋದ್ರೆ ನೆನಪಾಗುತ್ತಮ್ಮ" ಅಂದ್ರು. ವಾಪಸ್ ಹೋದ್ರು. ಅಲ್ಲಿಂದ "ಏನು ಹೇಳ್ತಿದ್ವಿ ನಾವು?" ಅಂತ ಕೇಳಿದ್ರು.

ಇಷ್ಟೆಲ್ಲಾ ನಗಬಹುದು, ಆದ್ರೆ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು, ಕಾರ್ ಓಡಿಸ್ತಾ ಫೋನ್. "ಹ್ಯಾಂಡ್ಸ್‌ಫ್ರೀ ಕಣೇ, ಎರಡೂ ಕೈ ಸ್ಟೀರಿಂಗ್ ಮೇಲಿದೆ" ಅಂತಾರೆ. ಕೈದಲ್ಲ ರೀ ಪ್ರಾಬ್ಲಮ್ಮು. 2001ರಲ್ಲಿ ಡೇವಿಡ್ ಸ್ಟ್ರೇಯರ್, ವಿಲಿಯಂ ಜಾನ್‌ಸ್ಟನ್ ಅನ್ನೋರು ಡ್ರೈವಿಂಗ್ ತರದ ಒಂದು ಟೆಸ್ಟ್ ಮಾಡಿದಾಗ ಫೋನಲ್ಲಿ ಮಾತಾಡ್ತಿದ್ದೋರು ಸಿಗ್ನಲ್ ಮಿಸ್ ಮಾಡಿದ್ದು ಎರಡು ಪಟ್ಟು, ಫೋನ್ ಕೈಲಿ ಹಿಡಿದ್ರೂ ಅಷ್ಟೇ, ಹಿಡೀದಿದ್ರೂ ಅಷ್ಟೇ. ಸುಮ್ನೆ ರೇಡಿಯೋ ಕೇಳೋರಿಗೆ ಈ ತೊಂದ್ರೆ ಕಾಣಿಸ್ಲಿಲ್ಲ. ಪಕ್ಕದ ಸೀಟಲ್ಲಿ ಕೂತೋರು ರಸ್ತೆ ನೋಡ್ತಿರ್ತಾರೆ, ಲಾರಿ ಅಡ್ಡ ಬಂದ್ರೆ ತಾವೇ ಬಾಯಿ ಮುಚ್ಕೋತಾರೆ, ಫೋನಲ್ಲಿರೋನಿಗೆ ಲಾರಿ ಕಾಣ್ಸುತ್ತಾ? ಅವನು ಸೈಟ್ ರೇಟ್ ಹೇಳ್ತಾನೇ ಇರ್ತಾನೆ. ಈ ಒಂದು ಇಸವಿ ನಮ್ಮನೇಲಿ ನಾನು ಹೇಳೋದು, ಅವರು ಕೇಳೋದು.

ಕಣ್ಣು ಒಂದ್ಕಡೆ ಇದ್ರೆ ಗಮನಾನೂ ಅಲ್ಲೇ ಇರುತ್ತೆ ಅನ್ನೋದು ನಮ್ಮೆಲ್ಲರ ದೊಡ್ಡ ಭ್ರಮೆ. ನಮ್ಮ ಹಾಲ್ ಗಡಿಯಾರ ಕೆಟ್ಟು ರಿಪೇರಿಗೆ ಹೋಗಿತ್ತು, ಗೋಡೆ ಮೇಲೆ ಬರೀ ಮೊಳೆ. ನಮ್ಮನೆಯವರು ಶೂ ಹಾಕ್ತಾ ತಲೆ ಎತ್ತಿ ಆ ಮೊಳೆ ನೋಡಿದ್ರು, "ಇನ್ನೂ ಟೈಮಿದೆ" ಅಂತ ಆರಾಮಾಗಿ ಲೇಸ್ ಕಟ್ಟಿದ್ರು. ನಾನು ಬಿದ್ದು ಬಿದ್ದು ನಕ್ಕೆ, ಆಮೇಲೆ 2013ರ ಒಂದು ಸಂಶೋಧನೆ ಓದಿ ನಗು ನಿಂತೋಯ್ತು. ಶ್ವಾಸಕೋಶದ ಸಿಟಿ ಸ್ಕ್ಯಾನಲ್ಲಿ ಗಂಟು ಹುಡುಕೋ 24 ಪರಿಣತ ರೇಡಿಯಾಲಜಿಸ್ಟ್‌ಗಳಿಗೆ, ಸ್ಕ್ಯಾನ್ ಒಳಗೆ ಒಂದು ಗೊರಿಲ್ಲಾ ಚಿತ್ರ ಸೇರಿಸಿ ಕೊಟ್ರು, ಮಾಮೂಲಿ ಗಂಟಿಗಿಂತ 48 ಪಟ್ಟು ದೊಡ್ಡದು. 20 ಜನ ಅದನ್ನ ನೋಡೇ ಇಲ್ಲ. ಕಣ್ಣಿನ ಚಲನೆ ರೆಕಾರ್ಡ್ ಮಾಡಿದ್ರಲ್ಲ, ಆ 20ರಲ್ಲಿ ಹೆಚ್ಚಿನವರ ಕಣ್ಣು ಸೀದಾ ಗೊರಿಲ್ಲಾ ಮೇಲೇ ಬಿದ್ದಿತ್ತು! ಹುಡುಕ್ತಿದ್ದಿದ್ದು ಗಂಟು, ಗೊರಿಲ್ಲಾ ಗಂಟಲ್ಲ, ಆದ್ದರಿಂದ ಇಲ್ಲ. ಕೆಲ್ಸದ ಮೇಲೆ ಅಷ್ಟು ಗಮನ ಇದ್ದಿದ್ದಕ್ಕೇ ಹಾಗಾಗಿದ್ದು.

ಗೊರಿಲ್ಲಾ ಯಾಕೆ ಅಂದ್ರೆ ಅದು ಈ ಫೀಲ್ಡಿನ ಸ್ಟಾರ್. 1999ರಲ್ಲಿ ಡೇನಿಯಲ್ ಸೈಮನ್ಸ್, ಕ್ರಿಸ್ಟೋಫರ್ ಶಬ್ರೀ ತೋರಿಸಿದ್ದು ಒಂದು ವಿಡಿಯೋ, ಅದರಲ್ಲಿ ಬಿಳಿ ಬಟ್ಟೆಯವರದ್ದೊಂದು ತಂಡ, ಕಪ್ಪು ಬಟ್ಟೆಯವರದ್ದೊಂದು ತಂಡ, ಬಿಳಿ ಬಟ್ಟೆಯವರು ಬಾಲ್ ಎಷ್ಟು ಸಲ ಪಾಸ್ ಮಾಡಿದ್ರು ಅಂತ ಎಣಿಸ್ತಾ ಇರ್ಬೇಕು, ಮಧ್ಯೆ ಗೊರಿಲ್ಲಾ ವೇಷದೋರು ಬಂದು ಎದೆ ಬಡ್ಕೊಂಡು ಹೋಗ್ತಾರೆ, ಸುಮಾರು ಅರ್ಧ ಜನಕ್ಕೆ ಕಾಣಲ್ಲ. ಅದು ಎಲ್ಲರಿಗೂ ಗೊತ್ತಾಗೋಯ್ತು ಅಂತ ಸೈಮನ್ಸ್ 2010ರಲ್ಲಿ ಇನ್ನೊಂದು ಮಾಡಿದ್ರು. ಅದನ್ನ ಲ್ಯಾಪ್‌ಟಾಪಲ್ಲಿ ಹಾಕಿ ನಮ್ಮನೆಯವರನ್ನ ಕೂರಿಸಿದೆ. "ಗೊರಿಲ್ಲಾ ಬರುತ್ತೆ, ನಂಗ್ಗೊತ್ತು" ಅಂತ ಮೊದಲೇ ಮೀಸೆ ತಿರುವಿದ್ರು. ಬಂತು. "ಅಗೋ!" ಅಂತ ಎದ್ದು ನಿಂತ್ರು. ಮುಗಿದ್ಮೇಲೆ ಕೇಳಿದೆ, ಹಿಂದಿನ ಪರದೆ ಬಣ್ಣ ಬದಲಾಗಿದ್ದು ನೋಡಿದ್ರಾ, ಕಪ್ಪು ಬಟ್ಟೆಯವರಲ್ಲಿ ಒಬ್ಬರು ಆಟ ಬಿಟ್ಟು ಹೋಗಿದ್ದು ನೋಡಿದ್ರಾ. ಎರಡೂ ಇಲ್ಲ. ಗೊರಿಲ್ಲಾ ವಿಷಯ ಮೊದಲೇ ಗೊತ್ತಿದ್ದೋರು ಈ ಬೇರೆ ಬದಲಾವಣೆಗಳನ್ನ ಉಳಿದೋರಿಗಿಂತ ಚೆನ್ನಾಗೇನೂ ಗುರುತಿಸ್ಲಿಲ್ಲ ಅಂತ ಸೈಮನ್ಸೇ ಬರೆದಿದಾರೆ, ಓದಿ ಹೇಳಿದೆ.

ನಾನು ನಮ್ಮ ಹಾಲ್ ಪರದೆ ಬದಲಾಯಿಸಿ ತಿಂಗಳ ಮೇಲಾಗಿತ್ತು, ನೀಲಿ ಹೋಗಿ ಕೇಸರಿ. ಈಗಾದ್ರೂ ಹೇಳ್ತಾರೇನೋ ಅಂತ ಸುಮ್ನೆ ಕೂತೆ. ಪಾಪ ಅವಮಾನ ಆಗಿತ್ತು ಅನ್ಸುತ್ತೆ, ಎದ್ದು ಮನೆಯೆಲ್ಲಾ ಒಂದು ಸುತ್ತು ಕಣ್ಣಾಡಿಸ್ತಾ ಬಂದ್ರು, ಪರದೆ ಮುಂದೇನೇ ಹಾದು ಹೋದ್ರು, ಮೂಲೇಲಿದ್ದ ಮರದ ಸ್ಟೂಲ್ ಹತ್ರ ನಿಂತು ಬೆರಳು ತೋರಿಸಿ, "ಇದು ಹೊಸದು ತಾನೇ? ಯಾವಾಗ ತಂದೆ?" ಅಂದ್ರು.

"ನಮ್ ಮದ್ವೆಗೆ ನಿಮ್ ಆಫೀಸ್ನೋರು ಕೊಟ್ಟಿದ್ದು ರೀ."