ಕಾಗದದ ಮೇಲೆ ಓಡಿದ ಕಾರು

ನನ್ನ ಮೊದಲ ಕಾರು ಸೆಕೆಂಡ್ ಹ್ಯಾಂಡ್. ಯಾವ ಕಂಪನಿದು ಅಂತ ಕೇಳಬೇಡಿ. ಕಂಪನಿಯವರೇ ಎದುರಿಗೆ ಬಂದು ನಿಂತರೂ ಗುರುತು ಹಿಡಿಯುವ ಸ್ಥಿತಿಯಲ್ಲಿ ಅದಿರಲಿಲ್ಲ. ಮಂಡ್ಯದಲ್ಲಿ ಇಳಿಜಾರಿರುವ ಬೀದಿಗಳು ಯಾವುವು ಅಂತ ನನಗೆ ಕಲಿಸಿದ್ದೇ ಅದು. ನಿಲ್ಲಿಸುವಾಗಲೇ ಮತ್ತೆ ಸ್ಟಾರ್ಟ್ ಮಾಡುವ ಯೋಚನೆ ಮಾಡಬೇಕಿತ್ತು. ಬಲಕ್ಕೆ ತಿರುಗಿಸಿದರೆ ಎಡಗಡೆಯ ಬಾಗಿಲು ತಾನಾಗೇ ತೆರೆದುಕೊಳ್ಳುತ್ತಿತ್ತು. ಅದಕ್ಕೊಂದು ನೈಲಾನ್ ಹಗ್ಗ ಕಟ್ಟಿದ್ದೆ. ಪಕ್ಕದಲ್ಲಿ ಕೂತವರು ಅದನ್ನು ಹಿಡಿದುಕೊಳ್ಳಬೇಕು. ನನ್ನ ಹೆಂಡತಿ ಒಂದು ಕೈಲಿ ಹಗ್ಗ, ಇನ್ನೊಂದು ಕೈಲಿ ಮಗು ಹಿಡಿದುಕೊಂಡು ಮೈಸೂರಿಗೆ ಹೋಗಿ ದಸರಾ ನೋಡಿ ಬಂದವಳು. ಕಾಲಡಿಯ ತಗಡು ತುಕ್ಕು ಹಿಡಿದು ತೂತಾಗಿತ್ತು. ರಸ್ತೆಗೆ ಹಾಕಿದ ಡಾಂಬರು ಎಷ್ಟು ದಪ್ಪ ಇದೆ ಅಂತ ಕೂತಲ್ಲೇ ನೋಡಬಹುದಿತ್ತು.

ಇಷ್ಟಾದರೂ ಸರ್ಕಾರದ ಲೆಕ್ಕದಲ್ಲಿ ನನ್ನ ಕಾರಿಗೆ ಒಂದು ನೆಗಡಿ ಕೂಡ ಇರಲಿಲ್ಲ.

ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ. ಎಂಜಿನ್ ಓಡುತ್ತಿರುವಾಗ ಸೈಲೆನ್ಸರಿಗೆ ಕೊಳವೆ ತೂರಿಸಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯಬೇಕು, ಅದು ನಿಯಮ. ಬಂಕ್ ಪಕ್ಕದ ವ್ಯಾನಿನಿಂದ ಹುಡುಗ ಕಣ್ಣುಜ್ಜಿಕೊಳ್ಳುತ್ತಾ ಇಳಿದು ಬಂದ. “ಸಾ, ಮೊದ್ಲು ಗಾಡಿ ಆಫ್ ಮಾಡಿ ಸಾ, ಹೊಗೆ ತಡ್ಯಕ್ಕಾಯ್ತಿಲ್ಲ.” ಆಫ್ ಮಾಡಿದೆ. ಹಿಂದೆ ಹೋಗಿ ನಂಬರ್ ಪ್ಲೇಟಿನ ಫೋಟೊ ತೆಗೆದ. ಪ್ರಿಂಟರ್ ಕಿರ್‍ರ್ ಅಂತು. ಮಾಲಿನ್ಯ ಮಿತಿಯೊಳಗಿದೆ! ಆಫ್ ಆಗಿರುವ ಕಾರಿನ ಮಾಲಿನ್ಯ ಮಿತಿಯೊಳಗೇ ಇರುತ್ತದಲ್ವಾ? ಸುಳ್ಳು ಅನ್ನೋ ಹಾಗೂ ಇಲ್ಲ.

ಹದಿನೈದು ವರ್ಷ ತುಂಬಿದ ಮೇಲೆ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವಾಗಿದೆ ಅನ್ನುವ ಪತ್ರ. ಏಜೆಂಟರು ಮೊದಲೇ ಹೇಳಿದ್ದರು, “ನೀವು ಏನೂ ಮಾತಾಡ್ಬೇಡಿ ಸಾ, ಸುಮ್ನೆ ನಿಂತ್ಕಳಿ.” ನಿಂತುಕೊಂಡೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ತುಕ್ಕಿಗೆ ನಂಬರೇ ಮೂಡಲಿಲ್ಲ. ಏಜೆಂಟರು ಜೇಬಿನಿಂದ ಎಮರಿ ಪೇಪರ್ ತೆಗೆದು ತಿಕ್ಕಿದರು. ಎಂಥ ತಯಾರಿ ನೋಡಿ! ಮತ್ತೆ ಉಜ್ಜಿದಾಗ ಮೂಡಿತು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಬ್ರೇಕ್ ಯಾರೂ ಒತ್ತಿ ನೋಡಲಿಲ್ಲ. ನೋಡಲು ಹೋಗಿದ್ದರೆ ಅವರಿಗೇ ಕಷ್ಟವಾಗುತ್ತಿತ್ತು, ಕಾಂಪೌಂಡ್ ಗೋಡೆ ಹತ್ತಿರದಲ್ಲೇ ಇತ್ತು. ಐದು ವರ್ಷಕ್ಕೆ ಕಾಗದ ಸಿಕ್ಕಿತು. ಹಸಿರು ತೆರಿಗೆಯನ್ನೂ ಕಟ್ಟಿದೆ. ಹೊಗೆ ಮಾತ್ರ ಕಪ್ಪಗೇ ಬರುತ್ತಿತ್ತು.

ಮುಂದಿನ ಸಲ ಹೋಗುವಷ್ಟರಲ್ಲಿ ಕಾನೂನು ಬಿಗಿಯಾಗಿತ್ತು. 2022ರ ಏಪ್ರಿಲ್‌ನಿಂದ ಹಳೆಯ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 5,000 ಆಯಿತು. ಹಳೆಯ ಗಾಡಿಗಳು ರಸ್ತೆ ಬಿಟ್ಟು ಗುಜರಿ ಸೇರಲಿ ಅಂತ. ಕಾರು ಅದೇ, ಬ್ರೇಕ್ ಅದೇ, ಪೆನ್ಸಿಲ್ ಕೂಡ ಅದೇ ಇರಬೇಕು. ಜಾಸ್ತಿ ಆಗಿದ್ದು ರಸೀದಿಯ ಮೊತ್ತ ಮಾತ್ರ.

ಇದನ್ನು ನಿಜವಾಗಿ ತಪಾಸಣೆ ಮಾಡಿದವರು ಒಬ್ಬರಿದ್ದಾರೆ. ಆಯುಧಪೂಜೆಯ ದಿನ ಟೈರಿನ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದ ಅರ್ಚಕರು ಬೇಗ ಮೇಲೇಳಲೇ ಇಲ್ಲ. ಬೆರಳಲ್ಲಿ ಟೈರ್ ಸವರಿ ನೋಡಿದರು. “ಏನ್ ಸ್ವಾಮಿ, ನೂಲು ಕಾಣ್ತಾ ಇದೆಯಲ್ಲ? ಮೊದಲು ಟೈರ್ ಹಾಕಿಸಿ, ಪೂಜೆ ಆಮೇಲೆ ನೋಡೋಣ” ಅಂದರು. ಪಾಪ, ಅವರ ಹತ್ತಿರ ಸೀಲ್ ಇರಲಿಲ್ಲ.

2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ನಿಧಾನಕ್ಕೆ ಹೋಗುವ ಗಾಡಿಗಳಿಂದ ಅಪಾಯ ಅಂತೆ. ಸರಿಯಾದ ಮಾತೇ. ಆದರೆ ನನ್ನದು ಕಾರು, ಅದಕ್ಕೆ ರತ್ನಗಂಬಳಿ. ಗಣಂಗೂರು ಟೋಲಿನ ಯಂತ್ರ ಫಾಸ್ಟ್ಯಾಗಿನಲ್ಲಿ ದುಡ್ಡಿದೆಯಾ ಅಂತ ನೋಡಿ ಗೇಟು ಎತ್ತಿತು. ಆರು ಪಥದ ರಸ್ತೆಯ ಎಡ ಅಂಚಿನಲ್ಲಿ ನಾನು ಕೆಮ್ಮುತ್ತಾ ಹೋಗುತ್ತಿದ್ದರೆ, ಬೇಲಿಯಾಚೆ ಸರ್ವಿಸ್ ರಸ್ತೆಯಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ನನ್ನನ್ನು ಹಿಂದೆ ಹಾಕಿ ಹೋಯಿತು. ಮೇಲೆ ಕೂತಿದ್ದ ಹುಡುಗ ಕೈ ಬೀಸಿದ. ಅತಿವೇಗ ಹಿಡಿಯುವ ಕ್ಯಾಮೆರಾಗಳು ನನ್ನ ತಂಟೆಗೇ ಬರಲಿಲ್ಲ. ಅವುಗಳ ಲೆಕ್ಕದಲ್ಲಿ ನಾನೇ ಆದರ್ಶ ಚಾಲಕ.

ಅದೇ ವರ್ಷ ಅಕ್ಟೋಬರಿನಲ್ಲಿ ಭಾರತ್ ಎನ್‌ಕ್ಯಾಪ್ ಶುರುವಾಯಿತು. ಹೊಸ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ಸುರಕ್ಷತೆಗೆ ಸ್ಟಾರ್ ಕೊಡುತ್ತಾರೆ. ನನ್ನ ಕಾರಿಗೆ ಆ ವೇಗ ಬಂದಿದ್ದರೆ ತಾನೇ ಡಿಕ್ಕಿಯ ಮಾತು.

ಕೊನೆಗೆ ಮಾರಿದೆ. ಕೊಳ್ಳಲು ಬಂದ ಪಾಂಡವಪುರದ ಕಡೆಯ ಅಣ್ಣ-ತಮ್ಮ ಸುತ್ತ ಒಂದು ಸುತ್ತು ಬಂದರು. ತೂತು ನೋಡಿದರು, ಟೈರ್ ನೋಡಿದರು, ಏನೂ ಅನ್ನಲಿಲ್ಲ.

“ಎಫ್‌ಸಿ ಎಲ್ಲಿಗಂಟ ಅದೆ ಸಾ?” ಅಣ್ಣ ಕೇಳಿದರು.

“2027ರವರೆಗೆ ಇದೆ.”

“ಹೊಗೆದು?”

“ಮೊನ್ನೆ ತಾನೇ ಮಾಡ್ಸಿದ್ದು.”

ಇಬ್ಬರ ಮುಖವೂ ಅರಳಿತು. ಅಲ್ಲೇ ದುಡ್ಡು ಎಣಿಸಿ ಕೊಟ್ಟರು. ತಮ್ಮ ಎಡಗಡೆ ಹತ್ತಿ ಕೂತು, ಬಾಗಿಲು ಎಳೆದುಕೊಂಡು ಕೇಳಿದ, “ಈ ಹಗ್ಗನೂ ಸೇರೇ ತಾನೆ ಸಾ?”